ಹೇಳಿದ ಹೊತ್ತಿಗೆ ಬಾರದ ಗ್ರಹಣ

ನಮ್ಮ ನಕ್ಷತ್ರ ಮತ್ತೆ ಎದ್ದಿದೆ ಎಂಬ ಸುದ್ದಿ ಬಂದಾಗ ನಾನು ಮೌಲ್ಯಮಾಪನ ಕೇಂದ್ರದಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಲ್ಲಿ ಫೋನು ಒಳಗೆ ಒಯ್ಯುವಂತಿಲ್ಲ. ಮಧ್ಯಾಹ್ನ ಊಟಕ್ಕೆ ಹೊರಬಂದು ನೋಡಿದರೆ ನಮ್ಮ ಗೈಡ್ ಮೇಲಿಂದ ಮೇಲೆ ಕರೆ ಮಾಡಿದ್ದರು. ಗಾಬರಿಯಾಗಿ ತಿರುಗಿ ಮಾಡಿದೆ.

"ಎದ್ದಿದೆ ಕಣಮ್ಮ," ಎಂದರು. "ಎಕ್ಸ್-ರೇ ಏರ್ತಾ ಇದೆ. ನೀನೆಲ್ಲಿದ್ದೀಯ?"

"ವ್ಯಾಲ್ಯುಯೇಷನ್‌ನಲ್ಲಿ ಇದ್ದೀನಿ ಸರ್."

"ಅದನ್ನ ಬೇಗ ಮುಗಿಸ್ಬುಟ್ಟು ಮನೆ ಕಡೆ ಬಾ."

ಬೇಗ ಮುಗಿಯುವ ಕೆಲಸವಲ್ಲ ಅದು. ಒಂದು ಕಟ್ಟು ಮುಗಿದರೆ ಇನ್ನೊಂದು ಕಟ್ಟು ತಂದಿಡುತ್ತಾರೆ. ಸಂಜೆ ಹೊರಬಂದಾಗ ಬಲಗೈ ಬೆರಳು ಸೆಟೆದುಕೊಂಡಿದ್ದವು. ಬಸ್ಸು ಹಿಡಿದು ಕೃಷ್ಣಮೂರ್ತಿಪುರಂನಲ್ಲಿ ಇಳಿದು ಗೈಡ್ ಅವರ ಮನೆ ತಲುಪಿದೆ. ಅವರು ನಿವೃತ್ತರಾಗಿ ಕೆಲವು ವರ್ಷವಾಗಿತ್ತು. ಮನೆಯ ಮುಂದಿನ ಕೋಣೆಯಲ್ಲಿ ಒಂದು ಹಳೆಯ ಕಂಪ್ಯೂಟರ್, ಎರಡು ಕುರ್ಚಿ. ನನ್ನ ಸಂಶೋಧನೆಯೆಲ್ಲ ನಡೆದದ್ದು ಅಲ್ಲೇ.

'ನಮ್ಮ ನಕ್ಷತ್ರ' ಎಂದು ನಾವು ಕರೆಯುತ್ತಿದ್ದದ್ದು ನಿಜವಾಗಿ ಒಂದು ಜೋಡಿ. ಅದರಲ್ಲಿ ಒಂದು ನ್ಯೂಟ್ರಾನ್ ನಕ್ಷತ್ರ: ಅಗಲದಲ್ಲಿ ಒಂದು ನಗರದಷ್ಟು, ತೂಕದಲ್ಲಿ ಸೂರ್ಯನಿಗಿಂತ ಹೆಚ್ಚು. ಇನ್ನೊಂದು ಸಾಧಾರಣವಾದ ಪುಟ್ಟ ನಕ್ಷತ್ರ. ಇವೆರಡೂ ಕೆಲವೇ ಗಂಟೆಗಳಲ್ಲಿ ಒಂದರ ಸುತ್ತ ಒಂದು ಸುತ್ತಿ ಬರುತ್ತವೆ. ಪುಟ್ಟ ನಕ್ಷತ್ರದಿಂದ ಸೆಳೆದ ಅನಿಲ ನ್ಯೂಟ್ರಾನ್ ನಕ್ಷತ್ರದ ಮೇಲೆ ಬೀಳುವಾಗ ಕಾದು ಕ್ಷ-ಕಿರಣ ಸೂಸುತ್ತದೆ. ಪ್ರತಿ ಸುತ್ತಿನಲ್ಲೂ ಒಮ್ಮೆ ಆ ಸಂಗಾತಿ ನಮಗೆ ಅಡ್ಡ ಬರುತ್ತದೆ. ಆಗ ಕ್ಷ-ಕಿರಣ ಕೆಲವು ಸೆಕೆಂಡುಗಳಲ್ಲಿ ಕುಸಿದು, ಸುಮಾರು ಕಾಲು ಗಂಟೆ ನಿಂತು, ಮತ್ತೆ ಅಷ್ಟೇ ಬೇಗ ಮೇಲೇಳುತ್ತದೆ. ಅದೇ ಅಲ್ಲಿನ ಗ್ರಹಣ. ಅನಿಲ ಬೀಳುವುದು ನಿಂತರೆ ಜೋಡಿ ಮಲಗಿದಂತೆ, ವರ್ಷಗಟ್ಟಲೆ ಕಾಣುವುದಿಲ್ಲ. ಈಗ ಬಹಳ ಕಾಲದ ಮೇಲೆ ಎದ್ದಿತ್ತು.

ಗ್ರಹಣದ ನಡುಗಾಲ ಗೊತ್ತಾದರೆ ಅದು ಒಳ್ಳೆಯ ಗಡಿಯಾರವಿದ್ದಂತೆ. ಮುಂದಿನ ಗ್ರಹಣ ಎಷ್ಟು ಹೊತ್ತಿಗೆ ಆಗಬೇಕು ಎಂದು ಲೆಕ್ಕ ಹಾಕಬಹುದು. ಹೇಳಿದ ಹೊತ್ತು, ಕಂಡ ಹೊತ್ತು, ಇವೆರಡರ ವ್ಯತ್ಯಾಸವನ್ನು ಚುಕ್ಕಿಯಾಗಿ ಗುರುತಿಸುತ್ತ ಹೋದರೆ ಜೋಡಿಯ ಬದುಕು ತಿಳಿಯುತ್ತದೆ. ಗೈಡ್ ಅವರು ಬಹಳ ಹಿಂದೆ ಹಳೆಯ ಉಪಗ್ರಹಗಳ ಡೇಟಾದಿಂದ ಇಂಥ ಚುಕ್ಕಿಗಳನ್ನು ಕೂಡಿಸಿದ್ದರು. ಅವು ಅಲೆಯಂತೆ ಮೇಲೆ ಕೆಳಗೆ ಹೋಗಿದ್ದವು. ಜೋಡಿಯನ್ನು ದೂರದಿಂದ ಸುತ್ತುವ ಮೂರನೆಯ ಕಾಯವೊಂದಿದೆ, ಅದರ ಸೆಳೆತಕ್ಕೆ ಜೋಡಿ ನಮ್ಮತ್ತ ಬಂದಾಗ ಗ್ರಹಣ ತುಸು ಮುಂಚೆ, ದೂರ ಸರಿದಾಗ ತುಸು ತಡವಾಗಿ ಕಾಣುತ್ತದೆ ಎಂದು ಅವರು ಬರೆದರು. ಹೊರಗಿನವರು ಅವರನ್ನು ಗುರುತಿಸುತ್ತಿದ್ದದ್ದು ಆ ಒಂದು ಬರಹದಿಂದ. ನಾನು ಅವರ ಬಳಿ ಹೆಸರು ನೋಂದಾಯಿಸಿದ್ದೂ ಆ ಮೂರನೆಯದನ್ನು ಗಟ್ಟಿ ಮಾಡುವುದಕ್ಕೆ.

ನನ್ನ ಪಿಎಚ್.ಡಿ. ಅವಧಿ ಮುಗಿದು, ಕೊಟ್ಟ ವಿಸ್ತರಣೆಯೂ ಮುಗಿಯುತ್ತ ಬಂದಿತ್ತು. ಇನ್ನೊಂದು ಸಿಗುವುದಿಲ್ಲ ಎಂದು ವಿಶ್ವವಿದ್ಯಾನಿಲಯದ ಕಚೇರಿಯವರು ಹೇಳಿಬಿಟ್ಟಿದ್ದರು.

ಅಂದು ರಾಮಕೃಷ್ಣನಗರದ ಮನೆಗೆ ಬಂದಾಗ ನಮ್ಮತ್ತೆ ಅವರೆಕಾಯಿ ಸುಲಿಯುತ್ತ ಕುಳಿತಿದ್ದರು.

"ಯಾಕವ್ವ, ಮೊಕ ಅಂಗೆ ಬಾಡೋಗದೆ?"

"ನಮ್ಮ ನಕ್ಷತ್ರ ಎದ್ದಿದೆ ಅತ್ತೆ. ಇನ್ನು ಗ್ರಹಣ ಹಿಡಿಯೋ ಕೆಲಸ."

"ಅದ್ಕೆ ದಿನಕ್ಕೆಷ್ಟು ಸಾರಿ ಗ್ರಾಣ ಹಿಡೀತದೆ ಅಂದಿದ್ದೆ?"

"ಮೂರೋ ನಾಕೋ ಸಾರಿ."

"ಅಯ್ಯೋ ಪಾಪ," ಎಂದರು ಅತ್ತೆ, "ಅಲ್ಲಿರೋರು ಉಣ್ಣೋದು ಯಾವಾಗ?"

ನನ್ನ ಗಂಡ ನಕ್ಕ. ನನಗೂ ನಗು ಬಂತು. ಅದಾದ ಮೇಲೆ ಬಹಳ ದಿನ ನಗುವಂಥದ್ದೇನೂ ಇರಲಿಲ್ಲ.

ಉಪಗ್ರಹದ ಸಮಯ ಕೇಳಿ ಅರ್ಜಿ ಬರೆದೆವು. ಎದ್ದ ನಕ್ಷತ್ರ ಯಾವಾಗ ಮಲಗುವುದೋ ಗೊತ್ತಿಲ್ಲದ್ದರಿಂದ ಸಮಿತಿಯವರು ಬೇಗನೆ ಒಪ್ಪಿದರು. ಎರಡು ಕಂತಿನಲ್ಲಿ ಸಮಯ ಕೊಟ್ಟರು: ಒಂದು ಮಳೆಗಾಲದಲ್ಲಿ, ಇನ್ನೊಂದು ಚಳಿಗಾಲ ಕಳೆದ ಮೇಲೆ. ನಡುವೆ ಕೆಲವು ತಿಂಗಳು ಸೂರ್ಯ ಆಕಾಶದ ಅದೇ ದಿಕ್ಕಿನಲ್ಲಿ ಇರುವುದರಿಂದ ಉಪಗ್ರಹವನ್ನು ಅತ್ತ ತಿರುಗಿಸುವಂತಿಲ್ಲ.

ಮೊದಲ ಕಂತಿನ ಡೇಟಾ ಬಂದಾಗ ಕಾಲೇಜು ಶುರುವಾಗಿತ್ತು. ನಮ್ಮ ಕಾಲೇಜು ಕೆಸರೆಯ ಆಚೆ. ಬೆಳಿಗ್ಗೆ ಎರಡು ಬಸ್ಸು, ಸಂಜೆ ಎರಡು ಬಸ್ಸು. ಬೆಳಗಿನ ಕಾಫಿಗೆ ಮುಂಚೆ ಒಂದಷ್ಟು ಹೊತ್ತು, ಭಾನುವಾರದ ಮಧ್ಯಾಹ್ನ ಒಂದಷ್ಟು ಹೊತ್ತು, ಇಷ್ಟರಲ್ಲೇ ಕೆಲಸ ಸಾಗಬೇಕಿತ್ತು. ಉಪಗ್ರಹ ಭೂಮಿಗೆ ಹತ್ತಿರದಲ್ಲೇ ಸುತ್ತುವುದರಿಂದ ಪ್ರತಿ ಸುತ್ತಿನಲ್ಲೂ ಅರ್ಧದಷ್ಟು ಹೊತ್ತು ಭೂಮಿಯೇ ಅದಕ್ಕೆ ಅಡ್ಡ ಬರುತ್ತದೆ. ಮೊದಲು ತೆಗೆದ ಗ್ರಹಣದಲ್ಲಿ ಕ್ಷ-ಕಿರಣ ಕುಸಿಯುವುದು ಕಂಡಿತು, ಮೇಲೇಳುವ ಮುನ್ನ ಭೂಮಿ ಅಡ್ಡ ಬಂತು. ಎರಡೂ ಬದಿ ಸಿಗದೆ ನಡುಗಾಲ ಹೇಳಲಾಗದು. ಇನ್ನೊಂದರಲ್ಲಿ ಗ್ರಹಣಕ್ಕೆ ಸ್ವಲ್ಪ ಮುಂಚೆ ಅನಿಲದ ಮೋಡ ಕವಿದು ಅಂಚೇ ಹರಿದುಹೋಗಿತ್ತು. ಮತ್ತೊಂದರಲ್ಲಿ ಕ್ಷ-ಕಿರಣ ಏಳುವ ಹೊತ್ತಿಗೇ ನ್ಯೂಟ್ರಾನ್ ನಕ್ಷತ್ರದ ಮೇಲ್ಮೈಯಲ್ಲಿ ಸ್ಫೋಟವಾಗಿ ಗ್ರಾಫಿನ ಗೆರೆ ಮೇಲಕ್ಕೆ ಚಿಮ್ಮಿಬಿಟ್ಟಿತ್ತು. ಇವನ್ನೆಲ್ಲ ಬದಿಗಿಟ್ಟು, ಎರಡೂ ಅಂಚು ಚೊಕ್ಕಟವಾಗಿರುವ ಗ್ರಹಣಗಳನ್ನು ಆರಿಸಿದೆ. ಉಳಿದದ್ದು ಕೈಬೆರಳೆಣಿಕೆಗಿಂತಲೂ ಕಡಿಮೆ.

ಉಪಗ್ರಹದಲ್ಲಿ ಗುರುತಾದ ವೇಳೆಯನ್ನು ಹಾಗೇ ಬಳಸುವಂತಿಲ್ಲ. ಭೂಮಿ ಸೂರ್ಯನ ಸುತ್ತ ಓಡುತ್ತಿರುವುದರಿಂದ ಬೆಳಕು ಒಮ್ಮೆ ಬೇಗ, ಒಮ್ಮೆ ತಡವಾಗಿ ಮುಟ್ಟುತ್ತದೆ. ಇಡೀ ಸೌರಮಂಡಲದ ತೂಕದ ನಡುಬಿಂದುವಿನಲ್ಲಿ ನಿಂತು ನೋಡಿದ್ದರೆ ಎಷ್ಟು ಹೊತ್ತಿಗೆ ಕಾಣುತ್ತಿತ್ತೋ ಆ ವೇಳೆಗೆ ಪ್ರತಿಯೊಂದನ್ನೂ ಬದಲಿಸಬೇಕು. ಬದಲಿಸಿದೆ. ಕುಸಿಯುವ ಇಳಿಜಾರು, ತಳ, ಏಳುವ ಇಳಿಜಾರು, ಹೀಗೆ ಗೆರೆಗಳನ್ನು ಹೊಂದಿಸಿ ನಡುಗಾಲ ತೆಗೆದೆ. ಗೈಡ್ ಅವರ ಅಲೆಯ ಮೇಲೆ ಹೊಸ ಚುಕ್ಕಿ ಇಟ್ಟೆ.

ಚುಕ್ಕಿಗಳು ಅಲೆಯ ಮೇಲೆ ಕೂರಲಿಲ್ಲ. ಪಕ್ಕದಲ್ಲೂ ಇರಲಿಲ್ಲ. ಅಳತೆಯಲ್ಲಿ ಆಗಬಹುದಾದ ತಪ್ಪು ಒಂದೆರಡು ಸೆಕೆಂಡು. ಇವು ಅದರ ಹತ್ತಾರು ಪಟ್ಟು ದೂರದಲ್ಲಿದ್ದವು.

ನಾನು ತಪ್ಪು ಮಾಡಿದ್ದೇನೆ ಎಂದೇ ಅಂದುಕೊಂಡೆ. ಗೈಡ್ ಕೂಡ ಹಾಗೇ ಅಂದುಕೊಂಡರು. ಆ ಮಳೆಗಾಲವೆಲ್ಲ ನನ್ನ ತಪ್ಪು ಹುಡುಕುವುದರಲ್ಲೇ ಕಳೆಯಿತು. ನಕ್ಷತ್ರದ ಸ್ಥಾನ ತಪ್ಪಾಗಿ ಕೊಟ್ಟೆನೇ? ಇಲ್ಲ. ಉಪಗ್ರಹದ ಗಡಿಯಾರವೇ ತಪ್ಪೇ? ಅದೇ ಉಪಗ್ರಹ ನೋಡಿದ, ಮಿಡಿತ ಚೆನ್ನಾಗಿ ತಿಳಿದಿರುವ ಪಲ್ಸಾರ್ ನಕ್ಷತ್ರವೊಂದರ ಡೇಟಾ ಇಳಿಸಿ ತಾಳೆ ನೋಡಿದೆ. ಗಡಿಯಾರ ಸರಿಯಿತ್ತು. ನಕ್ಷತ್ರ ಮಲಗಿದ್ದ ಕಾಲದಲ್ಲಿ ಎಷ್ಟು ಸುತ್ತು ಕಳೆಯಿತು ಎಂಬ ಎಣಿಕೆ ತಪ್ಪಿತೇ? ತಪ್ಪಿದ್ದರೆ ವ್ಯತ್ಯಾಸ ಗಂಟೆಗಳಲ್ಲಿ ಬರಬೇಕಿತ್ತು. ಅನಿಲದ ಮೋಡ ತಡೆಯುವ ಕಡಿಮೆ ಶಕ್ತಿಯ ಕ್ಷ-ಕಿರಣ ಬಿಟ್ಟು ಹೆಚ್ಚು ಶಕ್ತಿಯದ್ದನ್ನು ಮಾತ್ರ ತೆಗೆದುಕೊಂಡು ಮತ್ತೆ ಅಳೆದೆ. ಚುಕ್ಕಿ ಕದಲಲಿಲ್ಲ.

ಒಂದು ಭಾನುವಾರ ಗೈಡ್ ಅವರ ಮನೆಯಲ್ಲಿ ಇದನ್ನೆಲ್ಲ ಒಂದೊಂದಾಗಿ ತೋರಿಸಿದೆ. ಅವರು ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು.

"ದಾರಿ ದುಂಡಗಿದೆ ಅಂತ ಯಾಕೆ ಇಟ್ಕೊಂಡಿದ್ದೀವಿ?" ಎಂದರು. "ಮೂರನೆಯದರ ದಾರಿ ಮೊಟ್ಟೆ ಥರ ಇರಬಹುದಲ್ಲ. ಹಾಕಿ ನೋಡು."

ಹಾಕಿದೆ. ಕೂತಿತು. ಹಳೆಯ ಚುಕ್ಕಿ, ಹೊಸ ಚುಕ್ಕಿ ಎಲ್ಲದರ ಮೇಲೂ ಗೆರೆ ಹಾದುಹೋಯಿತು. ಗೈಡ್ ಅವರ ಮುಖ ಸಡಿಲವಾಯಿತು. ಒಳಗೆ ಕೂಗಿ ಇನ್ನೊಂದು ಸುತ್ತು ಕಾಫಿ ಮಾಡಿಸಿದರು.

"ಬರೆದುಬುಡು," ಎಂದರು. "ಇದೇ ನಿನ್ನ ಮುಖ್ಯ ಅಧ್ಯಾಯ."

ನನಗೂ ಅದೇ ಬೇಕಾಗಿತ್ತು. ಬರೆಯತೊಡಗಿದೆ. ದಸರಾ ರಜೆಯಲ್ಲಿ ಊರಿಗೆ ಊರೇ ರಸ್ತೆಯಲ್ಲಿದ್ದಾಗ ನಾನು ಅಡಿಗೆಮನೆಯ ಪಕ್ಕದ ಮೇಜಿನ ಮೇಲೆ ಆ ಅಧ್ಯಾಯ ಬರೆದೆ. ಬರೆಯುವಾಗಲೇ ಒಂದು ಕಿರಿಕಿರಿ ಶುರುವಾಯಿತು. ಆ ಗೆರೆ ಎಷ್ಟು ಚೆನ್ನಾಗಿ ಕೂತಿದೆ ಎಂದು ವಿವರಿಸುವುದು ಸುಲಭವಾಗಿತ್ತು. ಅದು ಏಕೆ ಕೂತಿದೆ ಎಂದು ಬರೆಯಹೊರಟಾಗ ಕೈ ನಿಲ್ಲುತ್ತಿತ್ತು. ದಾರಿ ಎಷ್ಟು ಉದ್ದುದ್ದ, ಯಾವ ಕಡೆ ವಾಲಿದೆ ಎಂದು ಲೆಕ್ಕದಲ್ಲಿ ತಿರುಗಿಸಲು ಎರಡು ಹೆಚ್ಚಿನ ತಿರುಪು ಸಿಕ್ಕಿದ್ದವು, ತಿರುಗಿಸಿದ್ದೆವು. ಚುಕ್ಕಿಗಳು ಬೇರೆ ಕಡೆ ಬಿದ್ದಿದ್ದರೆ ಇನ್ನೊಂದು ತಿರುಪು ಹುಡುಕುತ್ತಿದ್ದೆವು. ಪ್ರಯೋಗಾಲಯದಲ್ಲಿ ನಮ್ಮ ವಿದ್ಯಾರ್ಥಿಗಳು ಉತ್ತರ ನೋಡಿಕೊಂಡು ಅಳತೆ ಬರೆದಾಗ ನಾನು ಕೆಂಪು ಶಾಯಿಯಲ್ಲಿ ಗೀಚುತ್ತೇನೆ. ಇದು ಅದಕ್ಕಿಂತ ಎಷ್ಟು ಬೇರೆ ಎಂದು ನನಗೇ ಹೇಳಿಕೊಳ್ಳಲು ಆಗಲಿಲ್ಲ.

ಗೆರೆ ಇನ್ನೂ ಒಂದು ಮಾತು ಹೇಳುತ್ತಿತ್ತು. ಮೂರನೆಯ ಕಾಯ ಆ ಮೊಟ್ಟೆಯಾಕಾರದ ದಾರಿಯಲ್ಲಿ ಜೋಡಿಗೆ ಹತ್ತಿರದ ತುದಿಯನ್ನು ವೇಗವಾಗಿ ದಾಟುತ್ತಿರಬೇಕು. ಹಾಗಿದ್ದರೆ ಮುಂದಿನ ಕೆಲವು ತಿಂಗಳಲ್ಲಿ ಗ್ರಹಣಗಳು ಸರಸರನೆ ಮುಂಚಿತವಾಗಿ ಬರತೊಡಗಬೇಕು. ಚಳಿಗಾಲ ಕಳೆದ ಮೇಲಿನ ಎರಡನೇ ಕಂತಿನಲ್ಲಿ ಅದನ್ನು ನೋಡಿಬಿಡಬಹುದಿತ್ತು.

ತೊಡಕೆಂದರೆ, ಎರಡನೇ ಕಂತನ್ನು ನಾವು ಬೇರೆ ಕೆಲಸಕ್ಕೆ ಇಟ್ಟುಕೊಂಡಿದ್ದೆವು. ಒಂದೇ ಉದ್ದನೆಯ ನೋಟದಲ್ಲಿ ಕ್ಷ-ಕಿರಣದ ವರ್ಣಪಟಲ ತೆಗೆಯುವುದು ಯೋಜನೆ. ಅದು ಸೋಲದ ಕೆಲಸ. ಡೇಟಾ ಬಂದರೆ ಕೊನೆಯ ಅಧ್ಯಾಯ ಬಂದಂತೆ. ಗ್ರಹಣ ಹಿಡಿಯಬೇಕೆಂದರೆ ಆ ಸಮಯವನ್ನು ಚೂರು ಚೂರು ಮಾಡಿ, ಒಂದೊಂದು ಚೂರನ್ನೂ ಒಂದೊಂದು ಗ್ರಹಣದ ಮೇಲೆ ಇಡಬೇಕು. ವರ್ಣಪಟಲಕ್ಕೆ ಅದು ಸಾಲದು. ಅಷ್ಟರಲ್ಲಿ ನಕ್ಷತ್ರ ಮಲಗಿಬಿಟ್ಟರೆ ಎರಡೂ ಇಲ್ಲ.

ಸಮಯದ ವಿವರ ಕಳಿಸಬೇಕಾದ ವಾರ ನಮ್ಮ ಕಾಲೇಜಿನಲ್ಲಿ ಆಂತರಿಕ ಪರೀಕ್ಷೆ. ದಿನವಿಡೀ ಕೊಠಡಿ ಮೇಲ್ವಿಚಾರಣೆ ಮಾಡಿ, ಕೆಸರೆ ಬಳಿ ಬಸ್ಸಿಗೆ ನಿಂತಿದ್ದೆ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ, ಬಿಟ್ಟೆ. ಇನ್ನೊಂದನ್ನೂ ಬಿಟ್ಟೆ. ನಿಂತಲ್ಲೇ, ಯಾವ ಯೋಚನೆಯೂ ಇಲ್ಲದಷ್ಟು ದಣಿದಿದ್ದಾಗ, ಗ್ರಹಣಗಳನ್ನೇ ಕೇಳುತ್ತೇನೆ ಎಂದು ತೀರ್ಮಾನವಾಗಿಹೋಯಿತು. ಧೈರ್ಯದಿಂದ ಮಾಡಿದ್ದಲ್ಲ ಅದು. ನಂಬಿಕೆಯಿಲ್ಲದ ಅಧ್ಯಾಯವನ್ನು ಮುಂದೆ ವರ್ಷಗಟ್ಟಲೆ ಸಮರ್ಥಿಸಿಕೊಳ್ಳುವ ಶಕ್ತಿ ನನ್ನಲ್ಲಿ ಉಳಿದಿರಲಿಲ್ಲ, ಅಷ್ಟೆ.

ಮನೆಗೆ ಹೋಗದೆ ನೇರ ಕೃಷ್ಣಮೂರ್ತಿಪುರಂಗೆ ಹೋದೆ. ಗೈಡ್ ಅವರು ಪೂರ್ತಿ ಕೇಳಿಸಿಕೊಂಡರು.

"ನಿನ್ನ ಹತ್ರ ಟೈಮ್ ಎಲ್ಲಿದೆ ಕಣಮ್ಮ? ಕೊನೇ ಅಧ್ಯಾಯಕ್ಕೆ ಏನ್ ಹಾಕ್ತೀಯ?"

"ಏನು ಬರುತ್ತೋ ಅದನ್ನ ಹಾಕ್ತೀನಿ ಸರ್."

"ಗೆರೆ ಕೂತಿದೆ. ಮತ್ತೇನು ಬೇಕು ನಿಂಗೆ?"

"ಗ್ರಹಣ ಎಷ್ಟು ಹೊತ್ತಿಗೆ ಅಂತ ಮೊದಲೇ ಹೇಳಿ, ಆಮೇಲೆ ನೋಡ್ಬೇಕು ಸರ್. ಇಲ್ಲೀವರೆಗೂ ನೋಡಿದ್ಮೇಲೆ ಹೇಳಿದ್ದೀವಿ."

ಅವರು ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತರು. ಬೀದಿಯಲ್ಲಿ ಹೂವಿನವಳು ಕೂಗಿಕೊಂಡು ಹೋದಳು. ಅವರಿಗೆ ಕೋಪ ಬಂದಿತ್ತು ಎಂದು ನನಗೆ ಗೊತ್ತು. ನಾನು ಕೇಳುತ್ತಿರುವುದು ಯಾವುದರ ಪರೀಕ್ಷೆ ಎಂದು ಅವರಿಗೂ ಗೊತ್ತಿತ್ತು.

"ನಿನ್ನಿಷ್ಟ," ಎಂದರು ಕೊನೆಗೆ. "ಕಳಿಸು."

ಕಳಿಸಿದೆ. ಯಾವ ಗ್ರಹಣ ಎಷ್ಟು ಹೊತ್ತಿಗೆ ಆಗಬೇಕು ಎಂದು ಮೊಟ್ಟೆಯಾಕಾರದ ಲೆಕ್ಕದ ಪ್ರಕಾರ ಕಂಡುಹಿಡಿದು ಗೈಡ್ ಅವರಿಗೂ ಇಮೇಲ್ ಮಾಡಿದೆ. ಸಾಮಾನ್ಯವಾಗಿ ಕೂಡಲೇ ಉತ್ತರಿಸುವವರು ಅದಕ್ಕೆ ಉತ್ತರಿಸಲಿಲ್ಲ. ಆ ಚಳಿಗಾಲದಲ್ಲಿ ಭಾನುವಾರಗಳು ಖಾಲಿಯಾದವು. ನಾನಾಗಿ ಹೋಗಲಿಲ್ಲ, ಅವರಾಗಿ ಕರೆಯಲಿಲ್ಲ. ನಕ್ಷತ್ರ ಮಂಕಾಗುತ್ತಿದೆ ಎಂಬ ಸುದ್ದಿ ಮಾತ್ರ ಆಗಾಗ ಬರುತ್ತಿತ್ತು.

"ಆ ಮೇಷ್ಟ್ರು ಯಾಕೆ ಪೋನು ಮಾಡಾಕಿಲ್ಲ ಈಗ?" ಎಂದು ಅತ್ತೆ ಕೇಳಿದರು.

"ಬೇಜಾರಾಗಿದ್ದಾರೆ ಅತ್ತೆ."

"ಅಂಗಾರೆ ನೀನೇ ಮಾಡು."

ಮಾಡಬೇಕು ಎಂದುಕೊಂಡೆ. ಏನು ಹೇಳುವುದೆಂದು ತಿಳಿಯದೆ ಮಾಡಲಿಲ್ಲ.

ಎರಡನೇ ಕಂತಿನ ಡೇಟಾ ಬಂದಾಗ ನಕ್ಷತ್ರ ಬಹಳ ಮಂಕಾಗಿತ್ತು. ಗ್ರಹಣದ ಗೋಡೆಗಳು ಮೊದಲಿನಷ್ಟು ಕಡಿದಾಗಿ ಕಾಣದೆ, ಹಿನ್ನೆಲೆಯ ಗದ್ದಲದಲ್ಲಿ ಮುಚ್ಚಿಹೋಗಿದ್ದವು. ಒಂದೊಂದನ್ನೇ ತೆಗೆದು, ಸೆಕೆಂಡುಗಳನ್ನು ಗುಂಪು ಮಾಡಿ, ನಿಧಾನವಾಗಿ ಅಳೆದೆ. ತಪ್ಪಿನ ಅಳತೆ ಈ ಸಲ ದೊಡ್ಡದಿತ್ತು. ಆದರೂ ಸಾಕಾಗಿತ್ತು. ಮುಂಚಿತವಾಗಿ ಬರಬೇಕಾದ ಗ್ರಹಣಗಳು ತಡವಾಗಿ ಬಂದಿದ್ದವು. ಒಂದಲ್ಲ, ಅಳೆಯಲು ಸಿಕ್ಕ ಪ್ರತಿಯೊಂದೂ. ಮಳೆಗಾಲದ ಚುಕ್ಕಿಗಳಿಂದ ಈ ಚುಕ್ಕಿಗಳವರೆಗೆ ಒಂದು ಅಡಿಪಟ್ಟಿ ಇಟ್ಟರೆ ನೇರ ಗೆರೆ ಬರುತ್ತಿತ್ತು. ಅಂದರೆ ಜೋಡಿ ಒಂದು ಸುತ್ತಿಗೆ ತೆಗೆದುಕೊಳ್ಳುವ ಕಾಲ ಎಂದೋ ಒಮ್ಮೆ ತಟ್ಟನೆ ಬದಲಾಗಿ, ಆಮೇಲೆ ಹಾಗೇ ನಿಂತಿತ್ತು. ಅದೇ ಕಣ್ಣಿನಿಂದ ಹಳೆಯ ಚುಕ್ಕಿಗಳನ್ನು ನೋಡಿದೆ. ಅಲ್ಲೂ ಅಲೆ ಇರಲಿಲ್ಲ. ಒಂದು ಕಡೆ ವಾಲಿದ ನೇರ ತುಂಡು ಗೆರೆ, ಆಮೇಲೆ ಇನ್ನೊಂದು ಕಡೆ ವಾಲಿದ ನೇರ ತುಂಡು ಗೆರೆ. ಚುಕ್ಕಿ ಕಡಿಮೆಯಿದ್ದ ಕಾಲದಲ್ಲಿ ಅವು ಅಲೆಯಂತೆ ಕಂಡಿದ್ದವು. ಯಾರಿಗಾದರೂ ಹಾಗೇ ಕಾಣುತ್ತಿತ್ತು. ಪುಟ್ಟ ಸಂಗಾತಿಯ ಒಡಲಿನ ಕಾಂತಕ್ಷೇತ್ರ ಏರುಪೇರಾದಾಗ ಅದರ ಆಕಾರ ತುಸು ಬದಲಾಗಿ, ಜೋಡಿಯ ಸುತ್ತಿನ ಕಾಲವೂ ಬದಲಾಗಬಹುದು. ಮೂರನೆಯದು ಬೇಕಾಗಿಯೇ ಇರಲಿಲ್ಲ.

ಕೆಲವೇ ದಿನಗಳಲ್ಲಿ ನಕ್ಷತ್ರ ಮಲಗಿತು.

ಗೈಡ್ ಅವರ ಮನೆಗೆ ಹೋಗಲೇಬೇಕಾಯಿತು. ಒಂದು ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ ಹೋದೆ. ಲ್ಯಾಪ್‌ಟಾಪ್ ತೆರೆದು ಚಿತ್ರ ತೋರಿಸಿದೆ. ಅವರ ಹಳೆಯ ಅಲೆಯನ್ನು, ಮೊಟ್ಟೆಯಾಕಾರದ ಗೆರೆಯನ್ನು, ನನ್ನ ತುಂಡು ಗೆರೆಗಳನ್ನು ಬೇರೆ ಬೇರೆ ಬಣ್ಣದಲ್ಲಿ ಎಳೆದಿದ್ದೆ. ಅವರು ನೋಡಿದರು.

"ಗೆರೆ ಎಲ್ಲಾ ತೆಗಿ," ಎಂದರು.

"ಎಲ್ಲಾನೂ?"

"ನಿಂದೂ ತೆಗಿ. ಬರೀ ಚುಕ್ಕಿ ಇರ್ಲಿ."

ತೆಗೆದೆ. ಅವರು ಪರದೆಯ ಹತ್ತಿರ ಮುಖ ತಂದು, ಒಂದೊಂದೇ ಚುಕ್ಕಿಯ ಮೇಲೆ ಬೆರಳು ಇಡುತ್ತ ಹೋದರು. ಹಳೆಯ ಚುಕ್ಕಿಗಳ ಹತ್ತಿರ ನಿಧಾನವಾಗುತ್ತಿದ್ದರು. ಇದು ಯಾವ ಉಪಗ್ರಹದ್ದು, ಇದನ್ನು ಅಳೆಯುವಾಗ ಯಾವ ಕಷ್ಟ ಬಂದಿತ್ತು ಎಂದು ಒಂದೆರಡು ಮಾತು ಹೇಳುತ್ತಿದ್ದರು. ಅವರ ಚುಕ್ಕಿಗಳಲ್ಲಿ ಒಂದೂ ತಪ್ಪಿರಲಿಲ್ಲ. ನಾನೇ ಎಲ್ಲವನ್ನೂ ಮತ್ತೆ ಅಳೆದು ನೋಡಿದ್ದೆ. ಅದನ್ನು ಅವರಿಗೆ ಹೇಳಿದೆ. ತಲೆಯಾಡಿಸಿದರು.

"ನನ್ನ ಕೈಲಂತೂ ಇನ್ನು ಇದನ್ನ ಮಾಡಕ್ಕಾಗಲ್ಲ," ಎಂದರು. "ನೀನು ಬರಿ. ಸಹಿ ಹಾಕ್ತೀನಿ."

ಒಪ್ಪಿದೆ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ. ಅಧ್ಯಾಯವನ್ನು ಮೊದಲಿನಿಂದ ಬರೆದೆ. ಕೊನೆಯ ಅಧ್ಯಾಯ ಎಂದು ಬೇರೆ ಇರಲಿಲ್ಲ. ಅವಧಿ ಮುಗಿಯುವ ಮುನ್ನ ಮಹಾಪ್ರಬಂಧ ಕೊಟ್ಟಾಗ ಅದು ಎಲ್ಲರ ಪ್ರಬಂಧಗಳಿಗಿಂತ ತೆಳ್ಳಗಿತ್ತು. ಗೈಡ್ ಸಹಿ ಹಾಕಿದರು. ಆ ಅಧ್ಯಾಯವನ್ನು ಓದಿದರೋ ಇಲ್ಲವೋ ತಿಳಿಯಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರು ಬಂದಿದ್ದರು. ನನಗಿಂತ ಚಿಕ್ಕವರು, ಚುರುಕಿನವರು. ನನ್ನ ಮಾತು ಮುಗಿದ ಮೇಲೆ ಅವರು ಗ್ರಹಣದ ಅಂಚುಗಳ ಬಗ್ಗೆ, ತಪ್ಪಿನ ಅಂದಾಜಿನ ಬಗ್ಗೆ ಕೇಳಿದರು. ಹೇಳಿದೆ. ಆಮೇಲೆ ಕನ್ನಡಕ ಸರಿಮಾಡಿಕೊಂಡು, "ಮೇಡಂ, ಒಂದು ಕೊನೇ ಪ್ರಶ್ನೆ," ಎಂದರು. "ಈ ವ್ಯವಸ್ಥೆಯಲ್ಲಿ ಮೂರನೇ ಕಾಯ ಇದೆ ಅಂತ ಹಿಂದೆ ಒಂದು ಪ್ರಕಟಣೆ ಇದೆ. ನಿಮ್ಮ ಗೈಡ್ ಅವರದ್ದೇ. ಅದರ ಬಗ್ಗೆ ನಿಮ್ಮ ನೇರ ಅಭಿಪ್ರಾಯ ಏನು?"

ಉತ್ತರ ಪ್ರಬಂಧದಲ್ಲೇ ಇತ್ತು. ಪುಟದ ಸಂಖ್ಯೆಯೂ ನನಗೆ ಗೊತ್ತಿತ್ತು. ಗೈಡ್ ಮೊದಲ ಸಾಲಿನಲ್ಲೇ ಕುಳಿತಿದ್ದರು, ಹಿಂದೆ ಅವರ ಹಳೆಯ ಸಹೋದ್ಯೋಗಿಗಳು, ಶಿಷ್ಯರು. ನಾನು ನೀರಿನ ಲೋಟ ಎತ್ತಿಕೊಂಡೆ. ಕುಡಿದೆ. ಗೊತ್ತಿದ್ದ ಪುಟವನ್ನೇ ಹುಡುಕುವವಳಂತೆ ಪ್ರಬಂಧ ತಿರುವತೊಡಗಿದೆ.

ಗೈಡ್ ಎದ್ದು ನಿಂತರು. ಗೈಡ್ ಆದವರು ಆ ಹೊತ್ತಿನಲ್ಲಿ ಮಾತಾಡುವಂತಿಲ್ಲ ಎಂದು ಅಧ್ಯಕ್ಷತೆ ವಹಿಸಿದ್ದವರು ಮೆಲ್ಲಗೆ ನೆನಪಿಸಿದರು. ಅವರು ಕೈ ಎತ್ತಿ, ಒಂದು ನಿಮಿಷ ಎಂಬಂತೆ ಸನ್ನೆ ಮಾಡಿದರು.

"ಮೂರನೆಯದು ಇಲ್ಲ," ಎಂದರು. "ಇದೆ ಅಂತ ಬರೆದಿದ್ದು ನಾನು. ಇದ್ದಿದ್ರೆ ಎಲ್ಲಿರಬೇಕಿತ್ತು ಅಂತ ಇವರು ಮೊದಲೇ ಹೇಳಿ, ಹೋಗಿ ನೋಡಿದ್ರು. ಅಲ್ಲಿರ್ಲಿಲ್ಲ. ಆ ಅಧ್ಯಾಯ ಎರಡು ಸಲ ಓದಿದ್ದೀನಿ. ಅದರಲ್ಲಿ ತಪ್ಪು ಸಿಗ್ಲಿಲ್ಲ ನಂಗೆ."

ಕುಳಿತರು. ಪರೀಕ್ಷಕರು ಏನೋ ಬರೆದುಕೊಂಡು, ಸಾಕು ಎಂದರು.

ಎಲ್ಲ ಮುಗಿದು, ಕೈಕುಲುಕುವುದು, ಫೋಟೋ ತೆಗೆಯುವುದು ನಡೆಯುತ್ತಿದ್ದಾಗ ಗೈಡ್ ಕಾಣಲಿಲ್ಲ. ಹುಡುಕಿಕೊಂಡು ಹೋದರೆ ಗೇಟಿನ ಹತ್ತಿರ ಮರದ ನೆರಳಿನಲ್ಲಿ ಆಟೋಗೆ ಕಾಯುತ್ತಿದ್ದರು.

"ಊಟ ಮಾಡಿಕೊಂಡು ಹೋಗಿ ಸರ್. ಎಲ್ಲರೂ ಕಾಯ್ತಿದ್ದಾರೆ."

"ಬೇಡಮ್ಮ. ಸುಸ್ತಾಗಿದೆ."

ಏನಾದರೂ ಹೇಳಬೇಕೆನಿಸಿತು. ಧನ್ಯವಾದ ಎನ್ನುವುದು ಚಿಕ್ಕದಾಗುತ್ತಿತ್ತು, ಕ್ಷಮಿಸಿ ಎನ್ನುವುದು ಸುಳ್ಳಾಗುತ್ತಿತ್ತು. ಪಕ್ಕದಲ್ಲಿ ನಿಂತೆ. ಆಟೋ ಬಂತು. ಅವರು ಕಂಬಿ ಹಿಡಿದುಕೊಂಡು ನಿಧಾನವಾಗಿ ಹತ್ತಿ ಕುಳಿತರು.

"ಅದು ಮತ್ತೆ ಎದ್ರೆ ಯಾರಾದ್ರೂ ಹೇಳ್ತಾರಾ ನಮಗೆ?" ಎಂದು ಕೇಳಿದರು.

"ನಾನು ಹೇಳ್ತೀನಿ ಸರ್."

"ಹೇಳು," ಎಂದರು. "ಎಷ್ಟೊತ್ತಾದ್ರೂ ಸರಿ, ಫೋನ್ ಮಾಡು."

ಆಟೋ ಹೊರಟಿತು. ಅದು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದು, ಒಳಗೆ ಹೋಗಿ, ನನಗಾಗಿ ಹಾಕಿಟ್ಟಿದ್ದ ಎಲೆಯ ಮುಂದೆ ಕುಳಿತೆ.